ಬಾಲ್ಕನಿಯ ಎಡಬಾಗಿಲಿನಲ್ಲಿ ನಿಂತು ಕಂಡದ್ದು

ನಾನು ನಿಂತಿದ್ದು ದಾವಣಗೆರೆಯ ಹಳೆಯ ಟಾಕೀಸೊಂದರ ಬಾಲ್ಕನಿಯ ಎಡಬಾಗಿಲಿನಲ್ಲಿ. ಬಾಗಿಲಿಗೆ ಇಳಿಬಿಟ್ಟ ದಪ್ಪ ಬಟ್ಟೆ ನನ್ನ ಬೆನ್ನಿಗೆ ತಾಗುತ್ತಿತ್ತು. ಎರಡೂ ಕೈಯಲ್ಲಿ ಪಾಪ್‌ಕಾರ್ನ್ ಪೊಟ್ಟಣಗಳಿದ್ದವು. ಮೂರು ವರ್ಷದ ಹಿಂದೆ, ದಸರೆ ಕಳೆದ ಮೊದಲ ಭಾನುವಾರ, ಮ್ಯಾಟಿನಿ ಆಟ. ಇಂಟರ್‌ವಲ್ ಮುಗಿದು ದೀಪ ಆರಿ ಸ್ವಲ್ಪ ಹೊತ್ತಾಗಿತ್ತು. ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಅವತ್ತು ಅಲ್ಲಿ ನಡೆದದ್ದನ್ನು ನಮ್ಮ ಮನೆಯವರು ಈಗಲೂ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಹಾಗೆ ಹೇಳುವವರೆಲ್ಲ ಆಗ ತೆರೆಯ ಕಡೆ ಮುಖ ಮಾಡಿ ಕೂತಿದ್ದವರು. ತೆರೆಗೆ ಬೆನ್ನು ಕೊಟ್ಟು, ತೆರೆಯ ಬೆಳಕಿನಲ್ಲಿ ಅವರ ಮುಖ ನೋಡುತ್ತಿದ್ದವನು ನಾನೊಬ್ಬನೇ.

ಆ ಸಾಲಿನಲ್ಲಿ ಕೂತಿದ್ದವರು ಎರಡು ಮನೆಯವರು. ಗೋಡೆಯ ಕಡೆಯಿಂದ ಮೊದಲು ನನ್ನ ಅಕ್ಕನ ಮಗಳು, ಅವಳ ಪಕ್ಕ ಅವಳ ಅಪ್ಪ, ಅಂದರೆ ನನ್ನ ಭಾವ, ಆಮೇಲೆ ಅಕ್ಕ. ಅಕ್ಕನಿಂದ ಈಚೆಗೆ ಹರಿಹರದ ಹುಡುಗ ಮತ್ತು ಅವನ ತಾಯಿ. ಹುಡುಗ ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಹೆಣ್ಣು ನೋಡುವ ಶಾಸ್ತ್ರ ಮುಗಿದು, ಹುಡುಗಿ ಒಪ್ಪಿಗೆಯಾಗಿದ್ದಳು. ಅವಳಿಗೂ ಹುಡುಗ ಬೇಡವೆನಿಸಿರಲಿಲ್ಲ; ಫೋನಿನಲ್ಲಿ ಮಾತಾಡಿದ್ದರು, ಅವನ ಮೆಸೇಜು ಬಂದರೆ ಅವಳು ತಾನು ಕೆಲಸಕ್ಕಿದ್ದ ಲ್ಯಾಬಿನಲ್ಲಿ ರಕ್ತದ ಶೀಶೆ ಕೆಳಗಿಟ್ಟು ಓದುತ್ತಿದ್ದಳು. ಉಳಿದಿದ್ದದ್ದು ಒಂದೇ, ಹುಡುಗಿಯ ತಂದೆಯನ್ನು ನೋಡುವುದು. ಹೆಣ್ಣು ನೋಡಲು ಬಂದ ದಿನ ಅಕ್ಕ ಭಾವನನ್ನು ಕುಕ್ಕುವಾಡದ ನೆಂಟರ ಮನೆಗೆ ಅಟ್ಟಿ, ತುರ್ತು ಕೆಲಸದ ಮೇಲೆ ಹೋಗಿದ್ದಾರೆ ಅಂದಿದ್ದಳು.

ಯಾಕೆಂದರೆ ಭಾವನಿಗೆ ಕಿವಿ ಕೇಳುತ್ತಿರಲಿಲ್ಲ. ಊರಿನ ಹತ್ತಿ ಗಿರಣಿಯ ಮಗ್ಗಗಳ ನಡುವೆ ಇಪ್ಪತ್ತು ವರ್ಷ ನಿಂತವರು. ಅಲ್ಲಿ ಮಗ್ಗ ಓಡುವಾಗ ಪಕ್ಕದವನು ಕೂಗಿದರೂ ಕೇಳದು. ಹಾಗಾಗಿ ಅಲ್ಲಿನವರು ತುಟಿ ನೋಡಿ, ಕೈ ಆಡಿಸಿ ಮಾತಾಡುತ್ತಿದ್ದರು. ಮೀಸೆ ತಿರುವಿದರೆ ಮೇಸ್ತ್ರಿ ಬಂದ ಅಂತ, ಮುಷ್ಟಿ ಕಟ್ಟಿ ಎದೆಯ ಕಡೆಗೆ ಎಳೆದರೆ ಮಗ್ಗ ನಿಲ್ಲಿಸು ಅಂತ. ಗಿರಣಿ ಮುಚ್ಚಿತು, ಭಾವ ಮಂಡಿಪೇಟೆಯ ಅಂಗಡಿಯೊಂದರಲ್ಲಿ ತೂಕಕ್ಕೆ ನಿಂತರು. ಅಷ್ಟರಲ್ಲಿ ಕಿವಿ ಪೂರ್ತಿ ಹೋಗಿತ್ತು. ತುಟಿ ಓದುವುದು ಮಾತ್ರ ಉಳಿಯಿತು. ಆ ಕೈಮಾತನ್ನು ಮಗಳೂ ಕಲಿತಳು. ಕಲಿಯದವಳು ಅಕ್ಕ. ಅವಳು ಗಂಡನ ಜೊತೆ ಮೂವತ್ತು ವರ್ಷ ಕೂಗಿಯೇ ಸಂಸಾರ ಮಾಡಿದಳು. ನಾನು ಕಲಿತದ್ದು ಈ ಎರಡು ಸನ್ನೆ ಮಾತ್ರ.

ಕಿವುಡ ಮಾವ ಎಂದು ತಿಳಿದರೆ ಸಂಬಂಧ ತಪ್ಪುತ್ತದೆ ಎಂದು ಅಕ್ಕನಿಗೆ ಖಾತ್ರಿಯಾಗಿತ್ತು. ಹಿಂದೆ ಒಂದು ಸಂಬಂಧ ಹಾಗೆ ತಪ್ಪಿತ್ತು, ಕಿವುಡುತನ ಮಕ್ಕಳಿಗೂ ಬರುತ್ತದೇನೋ ಅಂತ ಅವರು ಕೇಳಿದ್ದರಂತೆ. ಈ ಸಲ ಎಲ್ಲಿ ಭೇಟಿ ಮಾಡಿಸುವುದು ಎಂದು ಅಕ್ಕ ಒಂದು ವಾರ ತಲೆ ಕೆಡಿಸಿಕೊಂಡಳು. ಮನೆಯಲ್ಲಾದರೆ ಮಾತಾಡಬೇಕು. ಹೋಟೆಲಿನಲ್ಲಿ ಮಾತಾಡುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಕೊನೆಗೆ ಒಂದು ಸಂಜೆ ನನ್ನ ಮನೆಗೆ ಬಂದು, ಗೆದ್ದವಳ ಹಾಗೆ ಕೂತು ಹೇಳಿದಳು: “ತಮ್ಮಾ, ಸಿನಿಮಾಕ್ಕೆ ಹೋಗಣ. ಮೂರು ತಾಸು ಯಾರೂ ಯಾರನ್ನೂ ಮಾತಾಡ್ಸಂಗಿಲ್ಲ. ಚೊಲೋ ಫ್ಯಾಮಿಲಿ ಪಿಚ್ಚರ್ ಒಂದು ನೋಡು.”

ನನ್ನನ್ನೇ ಕೇಳಿದ್ದು ಯಾಕೆಂದರೆ ನಾನು ಹದಿನೈದು ದಿನಕ್ಕೊಂದು ಸಿನಿಮಾ ನೋಡುತ್ತೇನೆ, ಕೇಳದಿದ್ದರೂ ಅಭಿಪ್ರಾಯ ಹೇಳುತ್ತೇನೆ. ಆ ಅಭಿಪ್ರಾಯಗಳನ್ನು ಇಲ್ಲೂ ಹೇಳಿಬಿಡುತ್ತೇನೆ, ಮುಂದಿನದು ತಿಳಿಯಲು ಬೇಕಾಗುತ್ತದೆ.

ಫ್ಯಾಮಿಲಿ ಸಿನಿಮಾ ಎಂದರೆ ನಮ್ಮಲ್ಲಿ ಒಂದು ದೊಡ್ಡ ಮನೆ, ಮನೆಯ ನಡುವೆ ಎರಡು ಕಡೆಯಿಂದ ಇಳಿಯುವ ಮೆಟ್ಟಿಲು. ಆ ಮೆಟ್ಟಿಲು ಇರುವುದು ಯಾರಾದರೂ ಅಳುತ್ತಾ ಓಡಿ ಹತ್ತಲಿಕ್ಕೆ. ಮನೆಯಲ್ಲಿ ಇಪ್ಪತ್ತು ಜನ, ಯಾರಿಗೂ ಕೆಲಸವಿಲ್ಲ. ಬೆಳಗ್ಗೆ ಎದ್ದ ಕೂಡಲೇ ಎಲ್ಲರೂ ರೇಷ್ಮೆ ಉಟ್ಟು ಒಂದೇ ಮೇಜಿಗೆ ತಿಂಡಿಗೆ ಬರುತ್ತಾರೆ. ಅಷ್ಟು ಇಡ್ಲಿ ಬೇಯಿಸಿದವರು ಯಾರು ಅನ್ನುವುದನ್ನು ಇದುವರೆಗೆ ಯಾವ ಸಿನಿಮಾವೂ ತೋರಿಸಿಲ್ಲ. ಕಾಮಿಡಿ ಎಂದರೆ, ದಪ್ಪಗಿರುವವನು, ಕಪ್ಪಗಿರುವವನು, ತೊದಲುವವನು, ಇವರಲ್ಲಿ ಒಬ್ಬನನ್ನು ಹಿಡಿದು ಇನ್ನೊಬ್ಬ ಬಾರಿಸುತ್ತಾನೆ. ನಮಗೆ ನಗು ಬರದಿದ್ದರೆ ಎಂದು ಹಿಂದಿನಿಂದ ಒಂದು ಪೀಪಿ ಊದುತ್ತಾರೆ. ಪೀಪಿ ಕೇಳಿದ ಮೇಲೂ ನಗದವನಿಗೆ ಹಾಸ್ಯಪ್ರಜ್ಞೆ ಇಲ್ಲ. ಥ್ರಿಲ್ಲರ್ ಎಂದರೆ, ಕೊಲೆಯಾದ ಮನೆಯಲ್ಲಿ ಯಾರೂ ಲೈಟಿನ ಸ್ವಿಚ್ಚು ಒತ್ತುವುದಿಲ್ಲ, ಎಲ್ಲರೂ ಟಾರ್ಚು ಹಿಡಿದೇ ಹುಡುಕುತ್ತಾರೆ. ಪೊಲೀಸು ಅಧಿಕಾರಿ ಏಪ್ರಿಲ್ ಬಿಸಿಲಲ್ಲೂ ಚರ್ಮದ ಜಾಕೀಟು ಹಾಕುತ್ತಾನೆ. ಕೊಲೆಗಾರ ಯಾರೆಂದರೆ, ಮೊದಲ ಅರ್ಧದಲ್ಲಿ ವಿನಾಕಾರಣ ಒಳ್ಳೆಯವನಾಗಿದ್ದವನು.

ಭಾವನಿಗೂ ಸಿನಿಮಾ ಬಹಳ ಇಷ್ಟ. ಮಗಳು ಪಕ್ಕದಲ್ಲಿ ಕೂತು, ತುಟಿ ಕಾಣದ ಮಾತನ್ನೆಲ್ಲ ತೆರೆಯ ಬೆಳಕಿಗೆ ಕೈ ಹಿಡಿದು ಹೇಳುತ್ತಿದ್ದಳು. ತುಟಿ ಕಂಡದ್ದು ಅವರಿಗೇ ತಿಳಿಯುತ್ತಿತ್ತು, ನಮಗಿಂತ ಹೆಚ್ಚೇ ತಿಳಿಯುತ್ತಿತ್ತು. ಕನ್ನಡ ಬಾರದ ಹೊರರಾಜ್ಯದ ನಾಯಕಿ ನಾಯಕನ ಎದೆಗೆ ಒರಗಿ ಪ್ರೀತಿಯ ಮಾತು ಆಡುವಾಗ ನಾವು ಡಬ್ಬಿಂಗಿನ ಇಂಪಾದ ದನಿ ಕೇಳುತ್ತೇವೆ. ಭಾವ ಮಾತ್ರ, ಈ ಹುಡುಗಿ ಮಾತಿನ ಬದಲು ಬರೀ ಒಂದು, ಎರಡು ಅಂತ ನಂಬರು ಎಣಿಸ್ತಾಳೆ, ಅಂತ ಬೇಜಾರು ಮಾಡಿಕೊಳ್ಳುತ್ತಿದ್ದರು. ಒಂದು ಸಿನಿಮಾದಲ್ಲಿ ಅವಳು ಮೂವತ್ತೇಳರವರೆಗೆ ಎಣಿಸಿ ಪ್ರಾಣ ಬಿಟ್ಟಳಂತೆ.

ನಾನು ಆರಿಸಿದ ಸಿನಿಮಾದ ಪೋಸ್ಟರಿನಲ್ಲಿ ಫ್ಯಾಮಿಲಿ, ಕಾಮಿಡಿ, ಥ್ರಿಲ್ಲರ್ ಮೂರೂ ಇದೆ ಎಂದು ಬರೆದಿತ್ತು. ಇಂಥ ಮಾತು ಬರೆದ ಸಿನಿಮಾದಲ್ಲಿ ಸಾಮಾನ್ಯವಾಗಿ ಮೂರೂ ಇರುವುದಿಲ್ಲ. ಆದರೆ ಇಡೀ ಕುಟುಂಬ ಕೂತು ನೋಡಬಹುದು ಎಂದು ಹಲವರು ಹೇಳಿದ್ದರು.

ಮೊದಲ ಅರ್ಧ ಅಕ್ಕ ಬಯಸಿದಂತೆಯೇ ನಡೆಯಿತು. ಕತ್ತಲಲ್ಲಿ ನಮಸ್ಕಾರ, ಕತ್ತಲಲ್ಲಿ ಮುಗುಳ್ನಗು. ಹುಡುಗನ ತಾಯಿಗೆ ಮಾತು ಜಾಸ್ತಿ, ಆದರೆ ಸಿನಿಮಾದ ಮೇಲೆ ಭಕ್ತಿಯೂ ಜಾಸ್ತಿ. ತೆರೆಯ ಮೇಲೆ ಸೊಸೆ ತುಳಸಿ ಕಟ್ಟೆಗೆ ದೀಪ ಹಚ್ಚಿದ ಕೂಡಲೇ ಆಕೆ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಪಕ್ಕದ ಕುರ್ಚಿಯಲ್ಲಿದ್ದ ನನಗೆ, ಇಂಥ ಸೊಸೆ ಎಲ್ಲಿ ಸಿಗ್ತಾರ್ರಿ ಈ ಕಾಲದಾಗೆ, ಎಂದು ಎರಡು ಸಲ ಹೇಳಿದರು. ಆ ಸೊಸೆಯ ಬಾಯಿಂದ ಅದುವರೆಗೆ ಒಂದೇ ಒಂದು ಮಾತು ಬಂದಿರಲಿಲ್ಲ. ಆ ತುದಿಯಲ್ಲಿ ನನ್ನ ಅಕ್ಕನ ಮಗಳ ಕೈ ಆಡುತ್ತಿತ್ತು. ಅಕ್ಕ ದಪ್ಪಗಿರುವುದರಿಂದ ಅದು ಈ ಕಡೆಗೆ ಕಾಣುತ್ತಿರಲಿಲ್ಲ.

ಇಂಟರ್‌ವಲ್ಲಿನಲ್ಲಿ ದೀಪ ಹತ್ತಿತು. ನಮ್ಮ ಪಾಲಿಗೆ ಥ್ರಿಲ್ಲರ್ ಅದೇ. ಅಕ್ಕ ಭಾವನನ್ನು ಎಬ್ಬಿಸಿ ಶೌಚಾಲಯಕ್ಕೆ ಕಳಿಸಿದಳು, ಲೈಟು ಆರುವ ತನಕ ಬರಬೇಡ ಎಂದು ತುಟಿಯಲ್ಲೇ ಹೇಳಿದಳು. ಮೂವತ್ತು ವರ್ಷದಲ್ಲಿ ಅವಳು ಗಂಡನಿಗೆ ಕೂಗದೆ ಹೇಳಿದ್ದು ಅದೊಂದೇ ಇರಬೇಕು. ನನ್ನನ್ನು ಪಾಪ್‌ಕಾರ್ನಿಗೆ ಕಳಿಸಿದಳು. ಕೌಂಟರಿನಲ್ಲಿ ನೂಕುನುಗ್ಗಲು. ನಾನು ಪೊಟ್ಟಣ ಹಿಡಿದು ಎಡಬಾಗಿಲಿಗೆ ಬರುವ ಹೊತ್ತಿಗೆ ಒಳಗೆ ಕತ್ತಲಾಗಿತ್ತು. ಟಾರ್ಚಿನ ಮುದುಕ ಬೇರೆಯವರನ್ನು ಕೂರಿಸಲು ಮೇಲಿನ ಸಾಲಿಗೆ ಹೋಗಿದ್ದ, ನೀವು ಇಲ್ಲೇ ನಿಲ್ರಿ, ಬರ್ತೀನಿ, ಎಂದು ಕೈ ಮಾಡಿದ. ನಿಂತೆ.

ತೆರೆಯ ಮೇಲೆ ಏನಿತ್ತು ಎಂದು ಒಮ್ಮೆ ತಿರುಗಿ ನೋಡಿದೆ. ಕಾಮಿಡಿ. ದೊಡ್ಡ ಮನೆಯ ಕಿವುಡ ಅಜ್ಜ ಸೋಫಾದಲ್ಲಿ ಕೂತಿದ್ದ, ಕಿವಿಯಲ್ಲಿ ಮಷೀನು. ಮನೆಮಂದಿಯೆಲ್ಲ ಅವನ ಸುತ್ತ ನಿಂತು ಬರೀ ತುಟಿ ಆಡಿಸುತ್ತಿದ್ದರು, ದನಿ ಇಲ್ಲ. ಅಜ್ಜ ಮಷೀನು ಕೆಟ್ಟಿತೆಂದು ಕಿತ್ತು ಕುಟ್ಟುತ್ತಾನೆ, ಮತ್ತೆ ಹಾಕಿಕೊಳ್ಳುತ್ತಾನೆ. ಅವರು ಮತ್ತೆ ತುಟಿ ಆಡಿಸುತ್ತಾರೆ. ಇದು ತಮಾಷೆ. ಇಡೀ ಟಾಕೀಸಿನಲ್ಲಿ ಒಂದು ಸದ್ದಿಲ್ಲ, ಪೀಪಿ ಕೂಡ ನಿಂತಿತ್ತು. ತಕ್ಷಣ ನಮ್ಮ ಸಾಲಿನ ಕಡೆ ತಿರುಗಿದೆ.

ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಮೊದಲು ಭಾವನ ಮುಖ ಮುಂದಕ್ಕೆ ಬಂತು, ಹುಬ್ಬು ಮೇಲೆ ಹೋಯಿತು. ಆಮೇಲೆ ಹೊಟ್ಟೆ ಕುಲುಕಿತು. ದನಿ ಇಲ್ಲದ ಆ ಹೊತ್ತಿನಲ್ಲಿ, ತಮ್ಮ ದನಿ ಎಷ್ಟು ಎಂದು ತಮಗೇ ತಿಳಿಯದ ಭಾವ, ಕೆಳಗಿನ ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದರು: “ಒಬ್ಬ ಊಟ ಯಾವಾಗ ಕೊಡ್ತಾರಂತ ಕೇಳ್ತಾನೆ! ಆ ಕನ್ನಡಕದೋನು, ಹಸಿವಾಗೈತಿ ಬೇಗ ಮುಗಿಸ್ರಪ್ಪ ಅಂತಾನೆ!”

ದನಿ ಬೇಡದ ದೃಶ್ಯವಲ್ಲವೇ, ಆ ನಟರು ಬಾಯಿಗೆ ಬಂದದ್ದು ಆಡಿಕೊಂಡಿದ್ದರು. ಅದು ಸಿಕ್ಕಿಬಿದ್ದದ್ದು ದಾವಣಗೆರೆಯ ಬಾಲ್ಕನಿಯಲ್ಲಿ. ಒಂದು ಕ್ಷಣ ಬಿಟ್ಟು ಇಡೀ ಟಾಕೀಸು ನಕ್ಕಿತು. ಆ ಸಿನಿಮಾಕ್ಕೆ ಅವತ್ತು ಸಿಕ್ಕ ನಿಜವಾದ ನಗು ಅದೊಂದೇ.

ಅದೇ ಕ್ಷಣದಲ್ಲಿ ಅಕ್ಕ ಭಾವನ ತೋಳು ಹಿಡಿದು ಎಳೆದಳು. ಮಗಳು ಎಳೆಯಲಿಲ್ಲ. ಅವಳು ಎರಡೂ ಕೈ ಬೆಳಕಿಗೆ ಎತ್ತಿ ಏನೋ ಕೇಳಿದಳು, ಭಾವ ಕೈಯಲ್ಲೇ ಉತ್ತರ ಕೊಟ್ಟರು, ಅವಳು ಬಾಯಿ ಮುಚ್ಚಿಕೊಂಡು ಬಗ್ಗಿ ನಕ್ಕಳು. ಹುಡುಗ ಕುರ್ಚಿಯಿಂದ ಅರ್ಧ ಎದ್ದು, ಅಕ್ಕನ ತಲೆಯ ಮೇಲಿಂದ ಅವರಿಬ್ಬರನ್ನೇ ನೋಡುತ್ತಿದ್ದ. ಅವನ ಮುಖದಲ್ಲೂ ನಗು ಇತ್ತು. ಅವನ ತಾಯಿ ಮೊದಲು ಅಜ್ಜನನ್ನು ನೋಡಿದರು, ಆಮೇಲೆ ಭಾವನನ್ನು, ಮತ್ತೆ ಅಜ್ಜನನ್ನು. ಆಮೇಲೆ ಸೆರಗು ಎಳೆದು ನೆಟ್ಟಗೆ ಕೂತರು. ಹುಡುಗನೂ ಕೂತ. ಅವರನ್ನೇ ನೋಡುತ್ತಿದ್ದ ನನ್ನ ಕೈಯ ಪೊಟ್ಟಣ ವಾಲಿ ಎರಡು ಹಿಡಿ ಪಾಪ್‌ಕಾರ್ನ್ ಕೆಳಗೆ ಚೆಲ್ಲಿತು. ಟಾರ್ಚಿನ ಮುದುಕ ಬಂದು, ಅದರ ಮೇಲೆ ಬೆಳಕು ಬಿಟ್ಟು, ನನ್ನನ್ನು ನೋಡಿ ತಲೆ ಆಡಿಸಿದ.

ಉಳಿದ ಅರ್ಧದಲ್ಲಿ ಆ ಅಜ್ಜನ ಕೊಲೆಯಾಯಿತು. ಮಳೆ, ಟಾರ್ಚು, ಜಾಕೀಟು ಎಲ್ಲ ಬಂತು. ತಿಂಡಿ ಬಡಿಸುತ್ತಿದ್ದ ಒಳ್ಳೆಯ ಚಿಕ್ಕಪ್ಪನೇ ಕೊಲೆಗಾರ. ಅಜ್ಜನನ್ನು ಗೋಳಾಡಿಸಿದವರೆಲ್ಲ ಅವನ ಫೋಟೋಕ್ಕೆ ಹಾರ ಹಾಕಿ ಮೆಟ್ಟಿಲಿನ ಮೇಲೆ ಅತ್ತರು. ಹುಡುಗನ ತಾಯಿ ಅವರ ಜೊತೆಗೆ ಅತ್ತರು. ಆಟ ಬಿಟ್ಟ ಮೇಲೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಕೂರಬೇಕೆಂದು ಮೊದಲೇ ಮಾತಾಗಿತ್ತು. ಆಕೆ ಬಸ್ಸು ತಪ್ಪುತ್ತದೆ ಅಂದರು. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸು ತಪ್ಪಿಸಿಕೊಳ್ಳುವುದು ಹೇಗೆ ಎಂದು ನನಗೆ ಈವರೆಗೂ ತಿಳಿದಿಲ್ಲ, ಒಂದರ ಹಿಂದೆ ಒಂದು ನಿಂತಿರುತ್ತವೆ.

ಆ ವಾರ ಅಕ್ಕ ಊಟ ಬಿಟ್ಟಳು. ಭಾವ ಮಾತು ಬಿಟ್ಟರು. ತಮ್ಮಿಂದ ಮಗಳ ಸಂಬಂಧ ತಪ್ಪಿತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಒಂದು ದಿನ ಬೀರುವಿನಿಂದ ಕಿವಿಯ ಮಷೀನು ತೆಗೆದು ಹಾಕಿಕೊಂಡು ಕೂತಿದ್ದರಂತೆ. ಅದನ್ನು ಹಾಕಿದರೆ ಮಾತು ಕೇಳುವುದಿಲ್ಲ, ಮಗ್ಗದಂಥ ಸದ್ದೇ ಕೇಳುತ್ತದೆ ಎಂದು ಹಿಂದೆ ತೆಗೆದಿಟ್ಟಿದ್ದದ್ದು. ಆಮೇಲಿನ ಭಾನುವಾರ ಹರಿಹರದಿಂದ ಫೋನು ಬಂತು. ಮನೆ ನೋಡಲು ಬರ್ರಿ, ಎಲ್ಲರೂ ಬರ್ರಿ, ಹುಡುಗಿಯೂ ಬರಲಿ, ಬಾಗಿಲ ಹತ್ತಿರ ನಿಂತಿದ್ದ ಅವಳ ಮಾಮನೂ ಬರಲಿ, ಅಂದರೆ ನಾನೂ.

ಹೋದೆವು. ಮನೆ ಚೊಕ್ಕಟವಾಗಿತ್ತು, ಮೆಟ್ಟಿಲು ಒಂದೇ ಕಡೆ. ನೀರು ಕೊಟ್ಟು ಕೂರಿಸಿದ ಮೇಲೆ ಹುಡುಗನ ತಾಯಿ ನನ್ನ ಕಡೆ ತಿರುಗಿದರು. ಕಿವಿ ಕೇಳದಿರುವುದು ದೊಡ್ಡದಲ್ಲ, ತಮಗೂ ಸಕ್ಕರೆ ಕಾಯಿಲೆ ಇದೆ. ಮುಚ್ಚಿಟ್ಟದ್ದು ದೊಡ್ಡದು, ಅಂದರು. ಮುಚ್ಚಿಡುವ ಬುದ್ಧಿ ಹುಡುಗಿಯದೋ ಅಲ್ಲವೋ, ಅದಷ್ಟೇ ಗೊತ್ತಾಗಬೇಕಂತೆ. “ಅಣ್ಣಾರೆ, ನಾವು ಪಿಚ್ಚರ್ ನೋಡಾಕತ್ತಿದ್ವಿ. ನೀವು ನಮ್ಮನ್ನ ನೋಡ್ತಿದ್ರಿ. ಯಜಮಾನ್ರು ಕೂಗಿದಾಗ ಯಾರು ಏನು ಮಾಡಿದ್ರು, ಹೇಳ್ರಿ.”

ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಕಂಡದ್ದನ್ನು ಹೇಳಿದೆ: ಅಕ್ಕ ತೋಳು ಎಳೆದಳು, ಹುಡುಗಿ ಎಳೆಯಲಿಲ್ಲ, ಎರಡೂ ಕೈ ಬೆಳಕಿಗೆ ಎತ್ತಿ ಅಪ್ಪನನ್ನು ಏನೋ ಕೇಳಿ ನಕ್ಕಳು.

“ಹಂಗಾದ್ರೆ ಆತು,” ಅಂದರು ಆಕೆ. “ನಮಗೆ ಒಪ್ಪಿಗೆ ಐತ್ರಿ.”

ಸಿನಿಮಾ ಆಗಿದ್ದರೆ ಇಲ್ಲಿ ಕೊಳಲು ನುಡಿಸಿ, ಎಲ್ಲರನ್ನೂ ಒಂದು ಫೋಟೋಕ್ಕೆ ನಿಲ್ಲಿಸಿ, ದೀಪ ಹಾಕುತ್ತಿದ್ದರು. ಇಲ್ಲಿ ಶಿರಾ ಬಂತು, ಚಾ ಬಂತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗಳು ಇಷ್ಟನ್ನೂ ಕೈಯಲ್ಲಿ ಅಪ್ಪನಿಗೆ ಹೇಳಿದಳು; ಭಾವ ಒಂದು ವಾರದ ಮೇಲೆ ನಕ್ಕರು. ಹುಡುಗ ಆ ಕೈಗಳನ್ನೇ ನೋಡುತ್ತಿದ್ದ. ಅವಳು ಅವನು ನೋಡುವುದನ್ನು ನೋಡಿದಳು. ಎಲ್ಲ ಸರಿ ಇತ್ತು.

ಆಗ ಹುಡುಗನ ತಾಯಿ, ಒಂದು ಸಣ್ಣ ಮಾತು, ಎಂದು ಶುರು ಮಾಡಿದರು. ಮದುವೆಗೆ ಅವರ ಕಡೆಯ ಜನ ಬಹಳ ಬರುತ್ತಾರೆ, ಎಲ್ಲರೂ ಮಾತಾಡಿಸುವವರು. “ಯಜಮಾನ್ರನ್ನ ಅವತ್ತು ಊಟದ ಮನಿ ಕಡೆ ಕೂಡ್ರಿಸಿದ್ರೆ ಚೊಲೋ. ಅಡುಗಿ ನೋಡಿಕೋತಾರೆ ಅಂದ್ರಾತು. ಧಾರೆ ಹೊತ್ತಿಗೆ ಕರೆದ್ರಾತು. ಸುಮ್ನೆ ನಾಕು ಮಂದಿ ಬಾಯಿಗೆ ಯಾಕ ಬೀಳೋದು?”

ಅಕ್ಕ ಆ ಮಾತು ಮುಗಿಯುವ ಮೊದಲೇ ಒಪ್ಪಿದಳು. ಅಡುಗೆಯವರ ಮೇಲೆ ಒಂದು ಕಣ್ಣು ಇರಲೇಬೇಕು, ಇಲ್ಲದಿದ್ದರೆ ತುಪ್ಪ ಕಾಣೆಯಾಗುತ್ತದೆ ಅಂದಳು. ಹೌದ್ರಿ ಅಕ್ಕಾರೆ, ಅಂದರು ಅವರು. ಮುಚ್ಚಿಟ್ಟದ್ದು ದೊಡ್ಡ ತಪ್ಪು ಎಂದು ವಿಚಾರಣೆ ನಡೆಸಿದವರು ಮತ್ತು ಆ ತಪ್ಪು ಮಾಡಿದವಳು ಇಬ್ಬರೂ ಸೇರಿ, ಭಾವನನ್ನು ಎಲ್ಲಿ ಮುಚ್ಚಿಡಬೇಕು ಎಂದು ಎರಡು ನಿಮಿಷದಲ್ಲಿ ತೀರ್ಮಾನಿಸಿದರು. ಇಷ್ಟು ಹೊಂದಾಣಿಕೆಯ ಬೀಗರು ನಾನು ಕಂಡಿರಲಿಲ್ಲ.

ಮಗಳ ಕೈ ನಿಂತಿತ್ತು. ಈ ಮಾತನ್ನು ಅವಳು ಅಪ್ಪನಿಗೆ ಹೇಳಲಿಲ್ಲ. ಕೈ ನಿಂತದ್ದು ಕಂಡು ಭಾವ ತಲೆ ಎತ್ತಿ ಒಬ್ಬೊಬ್ಬರ ಮುಖ ನೋಡುತ್ತಾ ಹೋದರು. ಹುಡುಗನ ಮುಖದ ಹತ್ತಿರ ಅವರ ಕಣ್ಣು ನಿಂತಿತು. ಹುಡುಗ ತಲೆ ಬಗ್ಗಿಸಿ ತಾಯಿಯ ಕಡೆ ತಿರುಗಿದ್ದ. ಅವನ ತುಟಿ ಆಡಿತು. ಪಕ್ಕದಲ್ಲೇ ಕೂತಿದ್ದ ನನಗೆ ಏನೂ ಕೇಳಿಸಲಿಲ್ಲ.

ಭಾವ ಬೀದಿಗೆ ಕೇಳುವಂತೆ ಹೇಳಿದರು: “ಹುಡುಗ ಬ್ಯಾಡ ಅಂತಾನೆ. ‘ಅವ್ವ, ಹಂಗ ಅನ್ನಬ್ಯಾಡ’ ಅಂತಾನೆ.” ಆಮೇಲೆ ಸುತ್ತ ನೋಡಿ ಕೇಳಿದರು: “ಏನು ಅನ್ನಬ್ಯಾಡ?”

ಹುಡುಗನ ಮುಖ ಕೆಂಪಾಯಿತು. ನನ್ನ ಅಕ್ಕನ ಮಗಳು ಅವನನ್ನೇ ನೇರವಾಗಿ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಯುವವರ ದನಿ ಅದು.

“ನನಗೆ ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳ್ರಿ.”

ಹುಡುಗ ತಾಯಿಯನ್ನು ನೋಡಿದ. ತಾಯಿ ಶಿರಾದ ತಟ್ಟೆ ನೋಡುತ್ತಿದ್ದರು. ಅವನು ಚಾ ಲೋಟ ಎತ್ತಿಕೊಂಡು, ಈ ಸಲ ಎಲ್ಲರಿಗೂ ಕೇಳುವಂತೆ ಹೇಳಿದ: “ಏನಿಲ್ಲ ಬಿಡ್ರಿ.”

ಅವಳು ಅಪ್ಪನ ಕಡೆ ತಿರುಗಿ, ಮುಷ್ಟಿ ಕಟ್ಟಿ, ಎದೆಯ ಕಡೆಗೆ ಒಮ್ಮೆ ಎಳೆದಳು. ಆ ಸನ್ನೆ ನನಗೂ ಗೊತ್ತಿತ್ತು: ಮಗ್ಗ ನಿಲ್ಲಿಸು. ಭಾವ ಮರುಮಾತಿಲ್ಲದೆ ಎದ್ದು ಚಪ್ಪಲಿ ಹುಡುಕಿದರು. ಅವಳು ಹುಡುಗನ ತಾಯಿಗೆ ಕೈಮುಗಿದು, ನಮ್ಮ ಕಡೆಯಿಂದ ಒಪ್ಪಿಗೆ ಇಲ್ಲ, ಸಿಟ್ಟಾಗಬ್ಯಾಡ್ರಿ, ಅಂದಳು. ಅಕ್ಕ ಅಳಲು ಶುರು ಮಾಡಿದಳು. ಓಡಿ ಹತ್ತಲು ಅಲ್ಲಿ ತಕ್ಕ ಮೆಟ್ಟಿಲಿರಲಿಲ್ಲ.

ಮರುವರ್ಷ ಬೇರೆ ಕಡೆ ಅವಳ ಮದುವೆಯಾಯಿತು. ಭಾವ ಕಲ್ಯಾಣ ಮಂಟಪದ ಮುಂಬಾಗಿಲಲ್ಲೇ ನಿಂತು ಬಂದವರನ್ನೆಲ್ಲ ಕೂಗಿ ಮಾತಾಡಿಸಿದರು. ಊಟದ ಮನೆಯನ್ನು ನೋಡುವವರಿಲ್ಲದೆ ತುಪ್ಪ ನಿಜವಾಗಿಯೂ ಕಾಣೆಯಾಯಿತು. ಹೋದ ಬೇಸಿಗೆಯಲ್ಲಿ ಭಾವ ತೀರಿಕೊಂಡರು. ಈಗ ನಾನು ಸಿನಿಮಾಕ್ಕೆ ಹೋದರೆ, ನಾಯಕಿ ಎದೆಗೆ ಒರಗಿದ ಕೂಡಲೇ ಅವಳು ಎಲ್ಲಿಯವರೆಗೆ ಎಣಿಸಿದಳು ಎಂದು ಹೇಳುವವರಿಲ್ಲ.

ಅವತ್ತು ಬಾಲ್ಕನಿಯಲ್ಲಿ ಇದನ್ನು ಕಂಡವರಲ್ಲಿ ಉಳಿದವರೆಲ್ಲ ಬದುಕಿದ್ದಾರೆ. ಅಕ್ಕ ಇದ್ದಾಳೆ, ತಾನು ತೋಳು ಎಳೆದೇ ಇಲ್ಲ, ಅಂಗಿಯ ಮೇಲೆ ಬಿದ್ದ ಪಾಪ್‌ಕಾರ್ನ್ ಕೊಡವಿದ್ದು ಅನ್ನುತ್ತಾಳೆ. ಪಾಪ್‌ಕಾರ್ನ್ ಆಗ ಇನ್ನೂ ನನ್ನ ಕೈಯಲ್ಲಿತ್ತು. ಅವಳ ಮಗಳು ಇದ್ದಾಳೆ. ಕೇಳಿದರೆ ಕನ್ನಡಕದವನು ಹೇಳಿದ್ದನ್ನು ಈಗಲೂ ಕೈಯಲ್ಲಿ ಮಾಡಿ ತೋರಿಸುತ್ತಾಳೆ. ಟಾರ್ಚಿನ ಮುದುಕ ಅದೇ ಬಾಗಿಲಲ್ಲಿ ಇದ್ದಾನೆ. ಹುಡುಗನ ತಾಯಿ ಇದ್ದಾರೆ, ಸೊಸೆ ಬಂದಿದ್ದಾಳೆ, ಬಹಳ ಮೌನದ ಹುಡುಗಿಯಂತೆ. ಹುಡುಗ ಇದ್ದಾನೆ. ಹರಿಹರದ ಬಸ್ ನಿಲ್ದಾಣದಲ್ಲಿ ಆಗಾಗ ಸಿಗುತ್ತಾನೆ. ನನ್ನನ್ನು ಕಂಡರೆ ನಿಲ್ಲುತ್ತಾನೆ, ಅವನ ತುಟಿ ಆಡುತ್ತದೆ. ಅಷ್ಟರಲ್ಲಿ ಬಸ್ಸು ಬರುತ್ತದೆ. ಏನು ಅಂದ ಎಂದು ನನಗೆ ಇದುವರೆಗೆ ತಿಳಿದಿಲ್ಲ.